ಹುಳು, ಗೂಡು, ರೆಕ್ಕೆ: ಚಿಟ್ಟೆ ಮತ್ತು ಕ್ರೈಸ್ತ ನಂಬಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈಸ್ಟರ್ ಹತ್ತಿರ ಬಂತೆಂದರೆ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವವರಿಗೆ ಚಿಟ್ಟೆಯ ಪ್ರಶ್ನೆಗಳು ತಪ್ಪಿದ್ದಲ್ಲ. ಮಕ್ಕಳು ಕೇಳುವುದು ಒಂದು ಬಗೆ, ಅವರ ಅಪ್ಪ ಅಮ್ಮಂದಿರು ಕೇಳುವುದು ಇನ್ನೊಂದು ಬಗೆ. ಮನೆಯಲ್ಲಿ ಈಚೆಗೆ ಸಾವು ಕಂಡವರು ಕೇಳುವುದು ಬೇರೆಯೇ. ಹಲವು ವರ್ಷಗಳಿಂದ ಕಿವಿಗೆ ಬಿದ್ದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಬೆಳೆದದ್ದು ರೇಷ್ಮೆ ಸಾಕುವ ಮನೆಯಲ್ಲಿ. ಹಾಗಾಗಿ ಉತ್ತರಗಳಲ್ಲಿ ಚಿಟ್ಟೆಗಿಂತ ರೇಷ್ಮೆ ಹುಳುವೇ ಹೆಚ್ಚು ಹರಿದಾಡಿದರೆ ಸಹಿಸಿಕೊಳ್ಳಿ.

ಬೈಬಲಿನಲ್ಲಿ ಚಿಟ್ಟೆಯ ಮಾತು ಎಲ್ಲಿ ಬರುತ್ತದೆ?

ಎಲ್ಲಿಯೂ ಬರುವುದಿಲ್ಲ. ಮಿಡತೆ, ಇರುವೆ, ಜೇನುನೊಣ, ಸೊಳ್ಳೆ ಎಲ್ಲವೂ ಇವೆ, ಚಿಟ್ಟೆ ಇಲ್ಲ. ಚಿಟ್ಟೆಯ ಅತಿ ಹತ್ತಿರದ ನೆಂಟ ಕಾಣಿಸಿಕೊಳ್ಳುವುದು ಮತ್ತಾಯ 6ನೇ ಅಧ್ಯಾಯದಲ್ಲಿ, ಅದೂ ಕಳ್ಳನ ಜೊತೆಯಲ್ಲಿ! ಭೂಮಿಯ ಮೇಲೆ ಗಂಟು ಕಟ್ಟಿಡಬೇಡಿ, ನುಸಿ ತಿನ್ನುತ್ತದೆ, ಕಳ್ಳ ಕದಿಯುತ್ತಾನೆ ಎಂದು ಯೇಸು ಹೇಳುವ ಕಡೆ ಬರುವ ಆ ನುಸಿ, ಬಟ್ಟೆ ತಿನ್ನುವ ಪುಟ್ಟ ಪತಂಗದ ಮರಿ. ಹುಳುವಂತೂ ಬೇಕಾದಷ್ಟು ಕಡೆ ಇದೆ. 22ನೇ ಕೀರ್ತನೆಯಲ್ಲಿ ನೊಂದವನೊಬ್ಬ ತಾನು ಮನುಷ್ಯನೇ ಅಲ್ಲ, ಹುಳು ಎಂದು ಗೋಳಿಡುತ್ತಾನೆ. ಆ ಹುಳುವಿಗೆ ರೆಕ್ಕೆ ಮೂಡಿತೆಂದು ಬೈಬಲು ಹೇಳುವುದಿಲ್ಲ. ರೆಕ್ಕೆ ಜೋಡಿಸಿದವರು ಆಮೇಲೆ ಬಂದವರು.

ಹಾಗಾದರೆ ಸತ್ತು ಎದ್ದುಬರುವ ಪುನರುತ್ಥಾನಕ್ಕೆ ಚಿಟ್ಟೆಯನ್ನು ಹೋಲಿಸುವುದು ಶುರುವಾದದ್ದು ಎಲ್ಲಿಂದ?

ಗ್ರೀಕ್ ಭಾಷೆಯಲ್ಲಿ ಅದಕ್ಕೆ ಮೊದಲೇ ನೆಲ ಹದವಾಗಿತ್ತು. ಪ್ಸುಖೇ ಎಂಬ ಒಂದೇ ಪದಕ್ಕೆ ಉಸಿರು, ಪ್ರಾಣ, ಆತ್ಮ ಎಂಬ ಅರ್ಥಗಳ ಜೊತೆಗೆ ಚಿಟ್ಟೆ ಎಂಬ ಅರ್ಥವೂ ಇತ್ತು. ಕ್ರಿಸ್ತನಿಗಿಂತ ಮುನ್ನೂರು ಚಿಲ್ಲರೆ ವರ್ಷ ಮೊದಲು ಅರಿಸ್ಟಾಟಲ್, ಕೋಸಿನ ಎಲೆಯ ಮೇಲಿನ ಹುಳು ಕೋಶವಾಗಿ, ಕೋಶದಿಂದ ಪ್ಸುಖೇ ಹೊರಬರುತ್ತದೆ ಎಂದು ಬರೆದಿದ್ದ. ಅವನಿಗೆ ಅದು ಪ್ರಾಣಿಶಾಸ್ತ್ರ. ಲೋಕವನ್ನೆಲ್ಲ ಗಳಿಸಿ ಪ್ರಾಣವನ್ನು ಕಳೆದುಕೊಂಡರೆ ಏನು ಬಂತು ಎಂದು ಸುವಾರ್ತೆಯಲ್ಲಿ ಯೇಸು ಕೇಳುವಾಗ ಮೂಲದಲ್ಲಿರುವುದೂ ಅದೇ ಪದ. ಅಲ್ಲಿ ಯಾರೂ ಚಿಟ್ಟೆ ಎಂದು ಓದಿಕೊಳ್ಳಲಿಲ್ಲ, ನಿಜ. ಆದರೂ ಆ ಭಾಷೆಯನ್ನು ಆಡುವವರ ಕಿವಿಯಲ್ಲಿ ಎರಡೂ ಅರ್ಥ ಒಂದೇ ಗೂಡಿನಲ್ಲಿದ್ದವು. ನಮ್ಮ ಪಾತರಗಿತ್ತಿಯ ಹಿಂದೆ ಇರುವುದು ಪಾತರದವಳ ಕುಣಿತ. ನಾವು ಕಾಲಿನ ಕಡೆ ನೋಡಿದೆವು, ಅವರು ಉಸಿರಿನ ಕಡೆ ನೋಡಿದರು.

ಹುಳುವಿನ ರೂಪಾಂತರವನ್ನು ನೇರವಾಗಿ ಪುನರುತ್ಥಾನಕ್ಕೆ ಸಾಕ್ಷಿಯಾಗಿ ನಿಲ್ಲಿಸಿದವರಲ್ಲಿ ಮುಖ್ಯನಾದವನು ನಾಲ್ಕನೇ ಶತಮಾನದ ಬಿಷಪ್ ಬಾಸಿಲ್. ಊರು ಕಪ್ಪದೋಕ್ಯದ ಕೈಸರೇಯ, ಈಗಿನ ಟರ್ಕಿ. ಸೃಷ್ಟಿಯ ಆರು ದಿನಗಳ ಬಗ್ಗೆ ಅವನು ಒಂಬತ್ತು ಪ್ರಸಂಗಗಳನ್ನು ಮಾಡಿದ. ಎಂಟನೆಯದರಲ್ಲಿ ರೇಷ್ಮೆ ಹುಳುವಿನ ಕಥೆ ಬರುತ್ತದೆ. ಪುನರುತ್ಥಾನದಲ್ಲಿ ದೇಹ ಬದಲಾಗುತ್ತದೆ ಎಂದು ಪೌಲನು ಹೇಳಿದ್ದನ್ನು ನಂಬದವರೇ, ಈ ಹುಳುವನ್ನು ನೋಡಿ ಎಂಬ ಧಾಟಿ ಅವನದು. ಆಮೇಲೆ ಸಭೆಯಲ್ಲಿದ್ದ ಹೆಂಗಸರ ಕಡೆ ತಿರುಗಿ, ದೂರದೇಶದಿಂದ ಬಂದ ರೇಷ್ಮೆ ಎಳೆಯನ್ನು ಬಿಡಿಸಲು ಕೂತಾಗ ಈ ಪ್ರಾಣಿಯನ್ನು ನೆನೆಯಿರಿ ಎನ್ನುತ್ತಾನೆ. ನನಗೆ ಈ ಜಾಗ ತುಂಬ ಇಷ್ಟ. ದೇವಶಾಸ್ತ್ರ ಕೈಕೆಲಸದ ಬುಟ್ಟಿಗೆ ಇಳಿದ ಗಳಿಗೆ ಅದು.

ಒಂದು ತಮಾಷೆಯೂ ಇದೆ. ರೇಷ್ಮೆ ಮೊಟ್ಟೆ ಬಾಸಿಲ್ ಬಾಳಿದ ರೋಮನ್ ಸಾಮ್ರಾಜ್ಯಕ್ಕೆ ಬಂದದ್ದು ಬಾಸಿಲ್ ತೀರಿಕೊಂಡು ಸುಮಾರು 170 ವರ್ಷಗಳಾದ ಮೇಲೆ, ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ. ತಂದವರು ಸನ್ಯಾಸಿಗಳು. ಎಂದರೆ ಬಾಸಿಲ್ ಕೇಳಿದ್ದನ್ನು ಹೇಳಿದ್ದ. ಅವನ ಹುಳುವಿಗೆ ಕೊಂಬು ಕೂಡ ಇತ್ತು. ಆದರೂ ಕಥೆಯ ಸಾರ ತಪ್ಪಲಿಲ್ಲ.

ರೇಷ್ಮೆ ಹುಳುವಿನಿಂದ ಬರುವುದು ಪತಂಗ. ಅದನ್ನು ಚಿಟ್ಟೆ ಎನ್ನುವುದು ಸರಿಯೇ?

ಶಾಸ್ತ್ರದ ಪ್ರಕಾರ ಸರಿಯಲ್ಲ. ಚಿಟ್ಟೆಯ ಕೋಶಕ್ಕೆ ಸಾಮಾನ್ಯವಾಗಿ ನೂಲಿನ ಗೂಡು ಇರುವುದಿಲ್ಲ, ಬರಿಯ ಗಟ್ಟಿ ಸಿಪ್ಪೆ ಇರುತ್ತದೆ. ನೂಲಿನಿಂದ ಗೂಡು ಕಟ್ಟುವುದು ಹೆಚ್ಚಾಗಿ ಪತಂಗದ ಮರಿಗಳು. ಈಸ್ಟರ್ ಕಾರ್ಡುಗಳಲ್ಲಿ ರೇಷ್ಮೆಗೂಡಿನಿಂದ ಬಣ್ಣದ ಚಿಟ್ಟೆ ಹಾರುವ ಚಿತ್ರ ನೋಡಿದಾಗಲೆಲ್ಲ ನಮ್ಮ ಮನೆಯ ಹಿರಿಯರು ನಗುತ್ತಿದ್ದರು.

ಅವರ ನಗುವಿಗೆ ಇನ್ನೊಂದು ಕಾರಣವಿತ್ತು. ಸಾವಿರಾರು ವರ್ಷ ಮನುಷ್ಯನ ತಟ್ಟೆಯಲ್ಲಿ ಬೆಳೆದ ರೇಷ್ಮೆ ಪತಂಗಕ್ಕೆ ಹಾರಲು ಬರುವುದಿಲ್ಲ. ಬಾಯಿದ್ದರೂ ತಿನ್ನುವುದಿಲ್ಲ. ಜೊತೆಗೂಡಿ, ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಸಾಯುತ್ತದೆ. ಆ ಭಾಗ್ಯವೂ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗೆ ಹೋದ ಗೂಡುಗಳಿಗೆ ಮಾತ್ರ. ರಾಮನಗರದ ಅಥವಾ ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದ ಗೂಡಿನೊಳಗಿನ ಜೀವ ರೆಕ್ಕೆ ಕಾಣುವುದಿಲ್ಲ. ಅದನ್ನು ಬಿಸಿಯಲ್ಲಿ ಕೊಂದ ಮೇಲೆಯೇ ನೂಲು ತೆಗೆಯುವುದು. ಪತಂಗ ತೂತು ಮಾಡಿ ಹೊರಬಂದರೆ ನೂರಾರು ಮೀಟರ್ ಉದ್ದದ ಒಂದೇ ಎಳೆ ತುಂಡಾಗುತ್ತದೆ. ರೆಕ್ಕೆ ಬೇಕೆಂದರೆ ಸೀರೆಯಿಲ್ಲ, ಸೀರೆ ಬೇಕೆಂದರೆ ರೆಕ್ಕೆಯಿಲ್ಲ.

ಇದನ್ನು ಯೇಸುವಿನ ಬಲಿದಾನಕ್ಕೆ ಹೋಲಿಸಿ ಪ್ರಸಂಗ ಮಾಡಿದವರನ್ನು ಕೇಳಿದ್ದೇನೆ. ಒಬ್ಬರ ಸಾವು ಇನ್ನೊಬ್ಬರಿಗೆ ಉಡುಗೆಯಾಯಿತು ಎಂಬ ಮಾತು ಅಂದು ಮದುವೆ ಸೀರೆ ಉಟ್ಟು ಬಂದಿದ್ದವರನ್ನು ಮುಟ್ಟಿತು. ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ಯೇಸು ತಾನಾಗಿ ಪ್ರಾಣ ಕೊಟ್ಟನೆಂದು ನಾವು ನಂಬುತ್ತೇವೆ, ಹುಳುವನ್ನು ಯಾರೂ ಕೇಳುವುದಿಲ್ಲ.

ಸಂತ ತೆರೇಸಾ ಚಿಟ್ಟೆಯ ಬಗ್ಗೆ ಏನು ಹೇಳಿದ್ದಾರೆ?

ಈ ಹೋಲಿಕೆಯನ್ನು ಕೊನೆಯವರೆಗೂ ಕೊಂಡೊಯ್ದವರು ಸ್ಪೇನಿನ ಆವಿಲಾದ ತೆರೇಸಾ ಎಂದೇ ನನ್ನ ಎಣಿಕೆ. 1577ರಲ್ಲಿ ತಮ್ಮ ಮಠದ ಸೋದರಿಯರಿಗಾಗಿ ಪ್ರಾರ್ಥನೆಯ ಬಗ್ಗೆ ಬರೆದ ಪುಸ್ತಕದಲ್ಲಿ ಆತ್ಮವನ್ನು ಏಳು ನೆಲೆಗಳಿರುವ ಕೋಟೆಯಂತೆ ಚಿತ್ರಿಸಿದರು. ಐದನೇ ನೆಲೆಗೆ ಬಂದಾಗ ರೇಷ್ಮೆ ಹುಳು ಬರುತ್ತದೆ. ಸಣ್ಣ ಕಾಳಿನಂಥ ಮೊಟ್ಟೆ, ಹಿಪ್ಪುನೇರಳೆ ಚಿಗುರುವ ಹೊತ್ತಿಗೆ ಅದಕ್ಕೆ ಜೀವ, ಎಲೆ ತಿಂದು ಬೆಳೆಯುವುದು, ತನ್ನೊಳಗಿಂದಲೇ ನೂಲು ತೆಗೆದು ತನ್ನನ್ನು ಮುಚ್ಚಿಕೊಳ್ಳುವುದು, ಕೊನೆಗೆ ಬಿಳಿಯ ಚಿಟ್ಟೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ, ಕೇಳಿದ್ದು ಮಾತ್ರ, ತಪ್ಪಿದ್ದರೆ ಅದು ನನ್ನದಲ್ಲ ಎಂಬರ್ಥದ ಮಾತನ್ನೂ ಸೇರಿಸುತ್ತಾರೆ. ಬಾಸಿಲನಂತೆ ಇವರೂ ಹುಳು ಮನೆಯ ಹೊರಗೆ ನಿಂತೇ ಬರೆದರು.

ಆ ಹುಳು ಕಟ್ಟುವ ಮನೆ ಕ್ರಿಸ್ತನೇ ಎನ್ನುತ್ತಾರೆ ತೆರೇಸಾ. ನಮ್ಮ ಹಟ, ನಮ್ಮ ಮೇಲೆ ನಮಗಿರುವ ಮೋಹ ಆ ಮನೆಯೊಳಗೆ ಸಾಯಬೇಕು. ಇಲ್ಲಿಯವರೆಗೆ ಯಾರು ಬೇಕಾದರೂ ಬರೆಯಬಹುದು. ಮುಂದಿನದು ಅವರೊಬ್ಬರದೇ ಕಾಣ್ಕೆ. ಹೊರಬಂದ ಚಿಟ್ಟೆಗೆ ನೆಮ್ಮದಿ ಇಲ್ಲ. ಹಳೆಯ ಎಲೆ ರುಚಿಸುವುದಿಲ್ಲ, ಎಲ್ಲಿ ಕೂರಬೇಕೆಂದು ತಿಳಿಯುವುದಿಲ್ಲ. ಪರಿವರ್ತನೆಯಾದ ಮೇಲೆ ಎಲ್ಲವೂ ಹಗುರವಾಗುತ್ತದೆ ಎಂದು ಸಾಕ್ಷಿ ಹೇಳುವವರು ಇದನ್ನು ಓದಬೇಕು. ಏಳನೇ ನೆಲೆಯಲ್ಲಿ ಆ ಚಿಟ್ಟೆಯೂ ಸಾಯುತ್ತದೆ, ಅದೂ ಸಂತೋಷದಿಂದ, ಏಕೆಂದರೆ ಈಗ ಬದುಕುತ್ತಿರುವುದು ಕ್ರಿಸ್ತ. ರೆಕ್ಕೆಯೇ ಕೊನೆಯ ನಿಲ್ದಾಣವಲ್ಲ.

ರೋಮಾಪುರದವರಿಗೆ ಬರೆದ ಪತ್ರದ 12:2ಕ್ಕೂ ಚಿಟ್ಟೆಗೂ ಸಂಬಂಧ ಇದೆ ಎನ್ನುತ್ತಾರಲ್ಲ?

ಪದದ ಸಂಬಂಧವಿದೆ. ಹಳೆಯ ಕನ್ನಡ ಸತ್ಯವೇದದಲ್ಲಿ ಆ ವಚನದಲ್ಲಿ 'ಪರಲೋಕಭಾವದವರಾಗಿರಿ' ಎಂದಿದೆ. ಅರ್ಥ ಚೆನ್ನಾಗಿದೆ, ಮೂಲದ ಕ್ರಿಯಾಪದ ಮಾತ್ರ ಅದರಲ್ಲಿ ಕಾಣುವುದಿಲ್ಲ. ಗ್ರೀಕಿನಲ್ಲಿರುವುದು ರೂಪಾಂತರಗೊಳ್ಳುವುದು ಎಂಬ ಮಾತು. ಜೀವಶಾಸ್ತ್ರದ ಮೆಟಮಾರ್ಫಸಿಸ್ ಅದರ ಒಡಹುಟ್ಟು. ಹೊಸ ಒಡಂಬಡಿಕೆಯಲ್ಲಿ ಆ ಕ್ರಿಯಾಪದ ಬರುವುದು ನಾಲ್ಕೇ ಸಲ. ಎರಡು ಸಲ ಬೆಟ್ಟದ ಮೇಲೆ ಯೇಸುವಿನ ರೂಪ ಬೆಳಗಿದ ಪ್ರಸಂಗದಲ್ಲಿ (ಮತ್ತಾಯ 17, ಮಾರ್ಕ 9), ಇನ್ನೆರಡು ಸಲ ನಮ್ಮ ಬಗ್ಗೆ (ರೋಮಾ 12, 2 ಕೊರಿಂಥ 3). ಆತನಿಗೆ ಆದದ್ದಕ್ಕೂ ನಮಗೆ ಆಗಬೇಕಾದದ್ದಕ್ಕೂ ಒಂದೇ ಪದ.

ವ್ಯಾಕರಣವನ್ನೂ ಗಮನಿಸಿ. ಅದು ಆಜ್ಞೆ, ಆದರೆ ಕರ್ಮಣಿ ಪ್ರಯೋಗದಲ್ಲಿದೆ. ನಿಮ್ಮನ್ನು ನೀವೇ ಬದಲಿಸಿಕೊಳ್ಳಿ ಎಂದಿಲ್ಲ, ಬದಲಿಸಲ್ಪಡುತ್ತಾ ಇರಿ ಎಂದಿದೆ. ನಮ್ಮ ಕಡೆ ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಮೊದಲು ನಾಲ್ಕು ಜ್ವರ. ಜ್ವರಕ್ಕೆ ಕೂತ ಹುಳು ತಿನ್ನುವುದಿಲ್ಲ, ತಲೆ ಎತ್ತಿ ಸುಮ್ಮನಿರುತ್ತದೆ. ಮಳೆಯಂತೆ ಸದ್ದು ಮಾಡುತ್ತಿದ್ದ ಹುಳು ಮನೆ ಒಮ್ಮೆಗೇ ಮೌನವಾಗುತ್ತದೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು. ಆ ವಚನ ಓದಿದಾಗ ನನಗೆ ನೆನಪಾಗುವುದು ರೆಕ್ಕೆಯಲ್ಲ, ಆ ಮೌನ.

ಕೋಶದೊಳಗೆ ನಿಜವಾಗಿ ಏನಾಗುತ್ತದೆ? ಹುಳು ಪೂರ್ತಿ ಕರಗಿಹೋಗುತ್ತದೆಯೇ?

ಬಹುಪಾಲು ಕರಗುತ್ತದೆ, ಪೂರ್ತಿಯಲ್ಲ. ಹುಳುವಿನ ಸ್ನಾಯುಗಳೂ ಜೀರ್ಣಾಂಗಗಳೂ ಹೆಚ್ಚಿನ ಮಟ್ಟಿಗೆ ಒಡೆದು ಹೊಸ ದೇಹಕ್ಕೆ ಸಾಮಗ್ರಿಯಾಗುತ್ತವೆ. ಉಸಿರಾಟದ ನಾಳಗಳು, ನರಮಂಡಲದ ಕೆಲವು ಭಾಗಗಳು ಮಾರ್ಪಟ್ಟು ಉಳಿಯುತ್ತವೆ. ರೆಕ್ಕೆ, ಕಾಲು, ಮೀಸೆಗಳಾಗಬೇಕಾದ ಜೀವಕೋಶಗಳ ಪುಟ್ಟ ಗುಂಪುಗಳು ಹುಳು ಇನ್ನೂ ಎಲೆ ತಿನ್ನುತ್ತಿರುವಾಗಲೇ ಒಳಗಿರುತ್ತವೆ. ಡಚ್ ವಿಜ್ಞಾನಿ ಯಾನ್ ಸ್ವಾಮರ್‌ಡಾಮ್ 1669ರಷ್ಟು ಹಿಂದೆಯೇ ಬೆಳೆದ ಹುಳುವನ್ನು ಸೀಳಿ, ಮಡಿಸಿಟ್ಟ ರೆಕ್ಕೆಯ ಕುರುಹನ್ನು ತೋರಿಸಿದ್ದ. ದೈವಭಕ್ತನಾಗಿದ್ದ ಅವನು ಆಮೇಲೆ ಕೆಲಕಾಲ ಸಂಶೋಧನೆ ಬಿಟ್ಟು ಒಬ್ಬ ಅನುಭಾವಿ ಮಹಿಳೆಯ ಬಳಗ ಸೇರಿದ.

ಹುಳು ಸತ್ತು ಚಿಟ್ಟೆ ಹುಟ್ಟಿತು ಎನ್ನುವವರಿಗೆ ಇದು ತೊಡಕು, ಏಕೆಂದರೆ ಅದು ಸಾಯುವುದೇ ಇಲ್ಲ. ನನಗೆ ಮಾತ್ರ ಇಲ್ಲಿ ಪೌಲನ ಇನ್ನೊಂದು ಮಾತು ಕಾಣುತ್ತದೆ. ದೇವರು ಪವಿತ್ರಾತ್ಮನನ್ನು ನಮ್ಮ ಹೃದಯದಲ್ಲಿ ಸಂಚಕಾರವಾಗಿ ಇಟ್ಟಿದ್ದಾನೆ ಎನ್ನುತ್ತಾನೆ ಅವನು. ಪತ್ರಿಕೆಗಳು ಸಂಚಕಾರ ಎಂಬುದನ್ನು ಅಪಾಯ ಎಂಬರ್ಥಕ್ಕೆ ಎಳೆದಿವೆ. ಬೈಬಲಿನ ಕನ್ನಡದಲ್ಲಿ ಅದು ವ್ಯಾಪಾರ ಕುದುರಿದಾಗ ಕೊಡುವ ಮುಂಗಡ. ಎಲೆ ತಿನ್ನುವ ಹುಳುವಿನೊಳಗೆ ಮಡಿಸಿಟ್ಟ ರೆಕ್ಕೆಗೆ ಇದಕ್ಕಿಂತ ಒಪ್ಪುವ ಪದ ನನಗೆ ಸಿಕ್ಕಿಲ್ಲ.

ಚಿಟ್ಟೆಗೆ ತಾನು ಹುಳುವಾಗಿದ್ದದ್ದು ನೆನಪಿರುತ್ತದೆಯೇ?

ಇದನ್ನು ಕೇಳಿದ್ದು ಏಳು ವರ್ಷದ ಹುಡುಗಿ. ಆ ದಿನ ನನ್ನ ಬಳಿ ಉತ್ತರವಿರಲಿಲ್ಲ, ಹುಡುಕಿದಾಗ ಸಿಕ್ಕಿತು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹೊಗೆಸೊಪ್ಪು ತಿನ್ನುವ ಒಂದು ಜಾತಿಯ ಪತಂಗದ ಹುಳುಗಳಿಗೆ ಒಂದು ವಾಸನೆ ತೋರಿಸಿ, ಜೊತೆಯಲ್ಲೇ ಸಣ್ಣ ವಿದ್ಯುತ್ ಆಘಾತ ಕೊಟ್ಟರು. ಹುಳುಗಳು ಆ ವಾಸನೆಯಿಂದ ದೂರ ಸರಿಯಲು ಕಲಿತವು. ಕೊನೆಯ ಹಂತದಲ್ಲಿ ಹೀಗೆ ಕಲಿತವು ಕೋಶಕ್ಕೆ ಹೋಗಿ ಪತಂಗಗಳಾಗಿ ಬಂದ ಮೇಲೂ ಅದೇ ವಾಸನೆಯಿಂದ ದೂರ ಸರಿದವು. ಇನ್ನೂ ಎಳೆಯದರಲ್ಲಿ ಕಲಿತವುಗಳಲ್ಲಿ ಆ ಪಾಠ ಉಳಿಯಲಿಲ್ಲ.

ಉಳಿದದ್ದು ನೋವಿನ ನೆನಪು ಎಂಬುದನ್ನು ನಾನು ಮರೆಯಲಾರೆ. ಎದ್ದುಬಂದ ಯೇಸು ತೋಮನಿಗೆ ತೋರಿಸಿದ್ದು ಮೊಳೆಯ ಗಾಯಗಳನ್ನು. ಮುಚ್ಚಿದ ಬಾಗಿಲು ತಡೆಯದ ಆ ಹೊಸ ದೇಹದಲ್ಲಿ ಗಾಯದ ಗುರುತು ಅಳಿಸಿರಲಿಲ್ಲ. ದೀಕ್ಷಾಸ್ನಾನ ಪಡೆದ ಮೇಲೂ ಹಳೆಯದು ಏಕೆ ಕಾಡುತ್ತದೆ, ನನ್ನ ನಂಬಿಕೆಯಲ್ಲಿ ಕೊರತೆಯಿದೆಯೇ ಎಂದು ಅಳುತ್ತಾ ಬಂದವರಿಗೆ ನಾನು ಹುಳುವಿನ ಕಥೆ ಹೇಳುವುದಿಲ್ಲ. ಯೋಹಾನ 20ನೇ ಅಧ್ಯಾಯವನ್ನು ಓದಿ ಸುಮ್ಮನಾಗುತ್ತೇನೆ.

ಗೂಡು ಕತ್ತರಿಸಿ ಸಹಾಯ ಮಾಡಿದವನ ಕಥೆ ನಿಜವೇ?

ಕೇಳದವರಿಲ್ಲ: ಚಿಟ್ಟೆ ಒದ್ದಾಡುವುದನ್ನು ನೋಡಲಾರದೆ ಒಬ್ಬ ಕತ್ತರಿಯಿಂದ ಗೂಡು ಬಿಡಿಸಿದ, ಅದು ಹಾರಲಾರದೇ ಹೋಯಿತು, ಆದ್ದರಿಂದ ಕಷ್ಟ ಒಳ್ಳೆಯದು. ಅವಧಿಗೆ ಮುಂಚೆ ಕೋಶ ತೆರೆದರೆ ಚಿಟ್ಟೆ ಹಾಳಾಗುವುದು ನಿಜ. ಆದರೆ ರೆಕ್ಕೆ ಬಿಚ್ಚಿಕೊಳ್ಳುವುದು ಹೊರಬಂದ ಮೇಲೆ. ತಲೆ ಮೇಲಾಗಿಯೋ ತೂಗಾಡುತ್ತಲೋ ಜಾಗ ಹಿಡಿದು, ದೇಹದ ದ್ರವವನ್ನು ಸುಕ್ಕಾದ ರೆಕ್ಕೆಯ ನಾಳಗಳಿಗೆ ಒತ್ತಿ, ಒಣಗುವವರೆಗೆ ಕಾಯುತ್ತದೆ. ಅಲ್ಲಿ ಬೇಕಾದದ್ದು ಜಾಗ ಮತ್ತು ಸಮಯ. ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ಈ ಕತ್ತರಿ ಕಥೆ ಹೇಳುವವರನ್ನು ಕಂಡಿದ್ದೇನೆ. ದಯವಿಟ್ಟು ಹೇಳಬೇಡಿ.

ಪುನರುತ್ಥಾನವನ್ನು ವಿವರಿಸಲು ಪೌಲನು ಚಿಟ್ಟೆಯನ್ನು ಬಿಟ್ಟು ಬೀಜವನ್ನು ಏಕೆ ಆರಿಸಿಕೊಂಡ?

1 ಕೊರಿಂಥ 15ರಲ್ಲಿ ಬಿತ್ತುವ ಕಾಳು, ಯೋಹಾನ 12ರಲ್ಲಿ ಯೇಸುವಿನ ಬಾಯಲ್ಲೇ ಗೋದಿಯ ಕಾಳು. ಬೀಜವನ್ನು ಯಾರೋ ಬಿತ್ತಬೇಕು, ಮಣ್ಣಿನಲ್ಲಿ ಮುಚ್ಚಬೇಕು. ಪೌಲನ ಮಾತಿನಲ್ಲಿ ಅದಕ್ಕೆ ದೇಹ ಕೊಡುವವನು ದೇವರು. ಹೂಳುವುದು ಇದೆ, ಕೊಡುವವನು ಇದ್ದಾನೆ. ಚಿಟ್ಟೆಯ ಕಥೆಯಲ್ಲಿ ಎಲ್ಲವೂ ಒಳಗಿನಿಂದ ತನ್ನಷ್ಟಕ್ಕೆ ಆಗುವಂತೆ ಕಾಣುತ್ತದೆ. ಕ್ರಿಸ್ತನ ಪುನರುತ್ಥಾನ ಪ್ರಕೃತಿಯ ವಾಡಿಕೆಯಾಗಿರಲಿಲ್ಲ. ಸಮಾಧಿಗೆ ಬಂದ ಹೆಂಗಸರು ಸುಗಂಧದ್ರವ್ಯ ತಂದಿದ್ದರು, ಯಾರೂ ರೆಕ್ಕೆಗಾಗಿ ಕಾದು ಕೂತಿರಲಿಲ್ಲ. ಪಾಠ ಮಾಡುವಾಗ ನಾನು ಎರಡನ್ನೂ ಮೇಜಿನ ಮೇಲಿಡುತ್ತೇನೆ: ಹಿಡಿ ರಾಗಿ ಒಂದು ಕಡೆ, ಕೋಶ ಇನ್ನೊಂದು ಕಡೆ.

ಅಮ್ಮ ತೀರಿಕೊಂಡ ಮೇಲೆ ದಿನವೂ ಒಂದು ಚಿಟ್ಟೆ ಬಾಗಿಲಿಗೆ ಬರುತ್ತಿದೆ. ಅದು ಅವರೇ ಇರಬಹುದೇ?

ಸತ್ತವರ ಆತ್ಮ ಬೇರೊಂದು ಜೀವಿಯಾಗಿ ಬರುತ್ತದೆ ಎಂದು ಕ್ರೈಸ್ತ ಸಭೆ ಕಲಿಸುವುದಿಲ್ಲ. ನಿಮ್ಮ ತಾಯಿ ದೇವರ ಕೈಯಲ್ಲಿದ್ದಾರೆ, ಬಾಗಿಲ ಚೌಕಟ್ಟಿನಲ್ಲಿ ಅಲ್ಲ. ಆದರೆ ಚಿಟ್ಟೆ ಬಂದಾಗ ಅಮ್ಮ ನೆನಪಾದರೆ, ನೆನಪಾದಾಗ ಪ್ರಾರ್ಥಿಸಿದರೆ ಅದರಲ್ಲಿ ತಪ್ಪೇನಿದೆ? ಅಂಗಳದಲ್ಲಿ ನಿಂಬೆಗಿಡವೋ ಕರಿಬೇವೋ ಇದ್ದರೆ ಅದು ನಾಳೆಯೂ ಬರುತ್ತದೆ. ಬಹುಶಃ ಆ ಗಿಡ ನೆಟ್ಟವರು ಅವರೇ.

ಎಲ್ಲ ಹುಳುವೂ ಚಿಟ್ಟೆಯಾಗುವುದಿಲ್ಲವಲ್ಲ?

ಇಲ್ಲ, ಹೆಚ್ಚಿನವು ಆಗುವುದೇ ಇಲ್ಲ. ಒಂದು ವರ್ಷ ನಮ್ಮ ತರಗತಿಯ ಡಬ್ಬಿಯಲ್ಲಿ ಮಕ್ಕಳು ಕಾದು ಕೂತಿದ್ದ ಕೋಶದಿಂದ ಹೊರಬಂದದ್ದು ಕಣಜ. ತಾಯಿ ಕಣಜ ಒಳಗೆ ಮೊಟ್ಟೆಯಿಟ್ಟಿತ್ತು, ಅದರ ಮರಿ ಕೋಶವನ್ನು ಒಳಗಿಂದ ತಿಂದು ಬೆಳೆದಿತ್ತು. ಒಬ್ಬ ಹುಡುಗ ಅತ್ತೇಬಿಟ್ಟ. ಇಂಥ ಕಣಜಗಳನ್ನು ನೋಡಿಯೇ ಡಾರ್ವಿನ್ 1860ರಲ್ಲಿ ತನ್ನ ಗೆಳೆಯ ಏಸಾ ಗ್ರೇಗೆ, ದಯಾಳುವಾದ, ಸರ್ವಶಕ್ತನಾದ ದೇವರು ಬೇಕೆಂದೇ ಇವನ್ನು ಸೃಷ್ಟಿಸಿದ ಎಂದು ತನಗೆ ನಂಬಲಾಗದು ಎಂದು ಬರೆದದ್ದು. ಗ್ರೇ ಸಸ್ಯವಿಜ್ಞಾನಿ, ಶ್ರದ್ಧೆಯುಳ್ಳ ಕ್ರೈಸ್ತ. ಇಬ್ಬರ ಪತ್ರವ್ಯವಹಾರ ಅದರಿಂದ ನಿಲ್ಲಲಿಲ್ಲ. ನಾನು ಆ ದಿನ ರೋಮಾ 8ನ್ನು ಓದಿದೆ, ಸೃಷ್ಟಿಯೆಲ್ಲ ಹೆರಿಗೆಯ ನೋವಿನಲ್ಲಿರುವಂತೆ ನರಳುತ್ತಿದೆ ಎಂಬ ಭಾಗವನ್ನು. ಹುಡುಗನ ಅಳು ನಿಲ್ಲಲಿಲ್ಲ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು.

ಮದುವೆಯಲ್ಲಿ, ಸಮಾಧಿಯ ಬಳಿ ಚಿಟ್ಟೆ ಹಾರಿಬಿಡಬಹುದೇ?

ಬೇಡ. ಡಬ್ಬಿಯಲ್ಲಿ ಸಾಗಿಸುವಾಗಲೇ ಕೆಲವು ಸಾಯುತ್ತವೆ, ಬೇರೆ ಕಡೆಯವನ್ನು ತಂದು ಬಿಟ್ಟರೆ ರೋಗ ಹರಡಬಹುದು. ನಮ್ಮಲ್ಲಿ ಹಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಸಮಾಧಿಯ ಬಳಿ ಒಂದು ಕರಿಬೇವಿನ ಗಿಡ ನೆಡಿ, ಅವೇ ಬರುತ್ತವೆ.

ಮಕ್ಕಳಿಗೆ ತೋರಿಸಲು ಚಿಟ್ಟೆ ಸಾಕುವುದು ಹೇಗೆ?

ಕರಿಬೇವು ಅಥವಾ ನಿಂಬೆಗಿಡದ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಹುಳುವನ್ನು ಹುಡುಕಿ. ಬೆಳೆದಂತೆ ಹಸಿರಾಗುತ್ತದೆ, ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಚಾಚಿ ಗಾಟು ವಾಸನೆ ಬಿಡುತ್ತದೆ. ಬಾಸಿಲನ ಕೊಂಬಿನ ಹುಳು ಇದೇ ಎಂದು ಮಕ್ಕಳಿಗೆ ಸುಳ್ಳು ಹೇಳುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಅಗಲ ಬಾಯಿಯ ಡಬ್ಬಿ, ಮೇಲೆ ಸೊಳ್ಳೆ ಪರದೆಯ ತುಂಡು, ಒಳಗೆ ಓರೆಯಾಗಿ ಒಂದು ಕಡ್ಡಿ ಸಾಕು. ದಿನವೂ ಹೊಸ ಎಲೆ ಹಾಕಿ. ಅಂಗಡಿಯ ಕರಿಬೇವು ಬೇಡ, ಅದಕ್ಕೆ ಔಷಧಿ ಹೊಡೆದಿರುತ್ತಾರೆ. ಕಡ್ಡಿಗೆ ಸೊಂಟಪಟ್ಟಿಯಂತೆ ಒಂದೆಳೆ ಕಟ್ಟಿಕೊಂಡು ಕೋಶವಾದ ಮೇಲೆ ಮುಟ್ಟಬೇಡಿ. ಬೇಸಿಗೆಯಲ್ಲಿ ಸುಮಾರು ಒಂದೂವರೆ ವಾರ ಹಿಡಿಯುತ್ತದೆ. ಕೋಶ ಕಪ್ಪಾಗಿ ಒಳಗಿನ ಬಣ್ಣ ಕಂಡರೆ ಮರುದಿನ ಬೆಳಿಗ್ಗೆ ಮಕ್ಕಳನ್ನು ಬೇಗ ಎಬ್ಬಿಸಿ.

ಹೊರಬಂದ ಚಿಟ್ಟೆಯ ಕೆಳಗೆ ರಕ್ತದಂಥ ಹನಿ ಬಿದ್ದಿದೆ. ಗಾಯವಾಗಿದೆಯೇ?

ಇಲ್ಲ. ಕೋಶದಲ್ಲಿದ್ದಾಗ ಸೇರಿಕೊಂಡ ಕಲ್ಮಶವನ್ನು ಅದು ಹೊರಹಾಕುತ್ತದೆ. ಜಾತಿಗೆ ತಕ್ಕಂತೆ ಕೆಂಪು, ಕಂದು, ಹಳದಿ ಬಣ್ಣವಿರುತ್ತದೆ. 1608ರಲ್ಲಿ ಫ್ರಾನ್ಸಿನ ಏಕ್ಸ್ ಪಟ್ಟಣದ ಗೋಡೆಗಳ ಮೇಲೆ ಕೆಂಪು ಹನಿಗಳು ಕಂಡಾಗ ರಕ್ತದ ಮಳೆಯಾಯಿತು, ಇದು ಕೆಟ್ಟ ಶಕುನ ಎಂದು ಜನ ಹೆದರಿದರು. ಪೆಯ್‌ರೆಸ್ಕ್ ಎಂಬ ವಿದ್ವಾಂಸ ಒಂದು ಕೋಶವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. ಅದರಿಂದ ಚಿಟ್ಟೆ ಬಂದಾಗ ಪೆಟ್ಟಿಗೆಯ ತಳದಲ್ಲೂ ಅದೇ ಕೆಂಪು ಹನಿ ಇತ್ತು. ಡಬ್ಬಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪರದೆ ತೆಗೆದು ಕಿಟಕಿಯ ಹತ್ತಿರ ಇಡಿ. ರೆಕ್ಕೆ ಒಣಗಲು ಒಂದೆರಡು ಗಂಟೆ ಬೇಕು, ಅಷ್ಟರಲ್ಲಿ ಮಕ್ಕಳಿಗೆ ತಿಂಡಿ ಕೊಡಿ.